ಇಲ್ಲದ ಹಲ್ಲಿ

ಹೈಸ್ಕೂಲಿನ ಕಾತ್ಯಾಯಿನಿ ಮೇಡಂ ಅಂದು ಹತ್ತನೇ ತರಗತಿಗೆ ಮಾತಿನ ಹಕ್ಕಿನ ಪಾಠ ಮಾಡುತ್ತಿದ್ದರು. "ಅನಿಸಿದ್ದನ್ನು ಹೇಳೋಕೆ ಯಾರ ಅಪ್ಪಣೆಯೂ ಬೇಡ, ಅದು ನಿಮ್ಮ ಹಕ್ಕು" ಅಂದದ್ದೇ ತಡ, ಹುಡುಗರು ಡೆಸ್ಕು ಕುಟ್ಟಿ ಕುಣಿದರು. ಆ ಹಕ್ಕಿಗೂ ಮಿತಿಯಿದೆ ಎನ್ನುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. "ಉಳಿದರ್ಧ ನಾಳೆ" ಎಂದು ಮೇಡಂ ಪುಸ್ತಕ ಮುಚ್ಚಿದರು. ಅರ್ಧ ಪಾಠ ಬಿಟ್ಟುಬಂದರೆ ಏನಾಗುತ್ತದೆಂದು ಪಾಪ, ಅವರಿಗಾದರೂ ಏನು ಗೊತ್ತು!

ಆ ಶಾಲೆಯಲ್ಲಿ ಬಿಸಿಯೂಟ ಮೊದಲು ಎಂಟನೆಯವರಿಗೆ, ಕೊನೆಗೆ ಹತ್ತನೆಯವರಿಗೆ. ತಿಪ್ಪೇಶನೆಂಬ ಹುಡುಗನ ಹೊಟ್ಟೆ ಚುರುಗುಟ್ಟುತ್ತಿತ್ತು. ಸಾಲು ಚದುರಿದರೆ ಮುಂದೆ ನುಗ್ಗಬಹುದಲ್ಲ! "ಅಯ್ಯಯ್ಯೋ, ಸಾಂಬಾರಿನಲ್ಲಿ ಹಲ್ಲಿ ಬಿದ್ದಿದೆ ಕಣ್ರೋ!" ಎಂದು ಕೂಗಿಯೇ ಬಿಟ್ಟ.

ಸಾಲೇನೋ ಚದುರಿತು. ಆದರೆ ಆಗಲೇ ಉಣ್ಣುತ್ತಿದ್ದ ಎಂಟನೆಯ ಮಕ್ಕಳು ತಟ್ಟೆ ಬಿಸಾಡಿದರು. ಒಬ್ಬಳು ವಾಂತಿ ಮಾಡಿಕೊಂಡಳು, ಅವಳನ್ನು ನೋಡಿ ಇನ್ನೊಬ್ಬ. ನೋಡನೋಡುತ್ತಿದ್ದಂತೆ ವರಾಂಡದ ತುಂಬ ಅಳುವೋ ಅಳು. ಯಾರೋ ಊರಿಗೆ ಫೋನ್ ಮಾಡಿದರು. ಅಪ್ಪಂದಿರು ಬೈಕ್ ಹತ್ತಿ ಧಾವಿಸಿ ಬಂದರು. "ನಮ್ಮ ಮಕ್ಕಳಿಗೆ ವಿಷ ಹಾಕ್ತೀಯಾ?" ಎಂದು ಅಡುಗೆಯ ಓಬಮ್ಮನನ್ನು ಸುತ್ತುವರಿದರು. ಒಬ್ಬನಂತೂ ಕೈ ಎತ್ತಿದ್ದ. ಓಬಮ್ಮ ಸೌಟು ಹಿಡಿದು ಗೋಡೆಗೆ ಒರಗಿ ನಿಂತುಬಿಟ್ಟಿದ್ದಳು.

ಗಲಾಟೆ ಕೇಳಿ ಮೇಡಂ ಓಡಿ ಬಂದರು. ಸಾಂಬಾರಿನ ಪಾತ್ರೆಯನ್ನು ತಳದವರೆಗೆ ಕಲಕಿ ನೋಡಿದರು. ಹಲ್ಲಿಯಿಲ್ಲ! ಮೊದಲು ಕೂಗಿದ್ದು ಯಾರೆಂದು ಮಕ್ಕಳನ್ನು ಕೇಳಿ, ತಿಪ್ಪೇಶನ ತೋಳು ಹಿಡಿದರು.

"ಕಣ್ಣಾರೆ ನೋಡಿದ್ಯೇನೋ?"

"ಇಲ್ಲ ಮೇಡಂ... ಸಾಲು ಚದುರಲಿ ಅಂತ..." ಎಂದ ತಿಪ್ಪೇಶ. "ಹೇಳೋದು ನಮ್ಮ ಹಕ್ಕು ಅಂತ ನೀವೇ ಅಂದ್ರಲ್ಲ?"

ಅರ್ಧಕ್ಕೇ ಬಿಟ್ಟ ಪಾಠ ಮೇಡಂಗೆ ನೆನಪಾಯಿತು. ತಾನು ಹೇಳಿದ್ದೂ ಸುಳ್ಳಲ್ಲ, ಆದರೆ ಅಲ್ಲಿ ಓಬಮ್ಮನಿಗೆ ಏಟು ಬೀಳುವುದರಲ್ಲಿತ್ತು. "ನಡಿ, ಈಗ ನಿಜ ಹೇಳು. ನಾನು ಪಕ್ಕದಲ್ಲೇ ಇರ್ತೀನಿ" ಎಂದು ಅವನನ್ನು ಗುಂಪಿನೊಳಕ್ಕೆ ಕರೆದೊಯ್ದರು.

"ಹಲ್ಲಿ ಇರ್ಲಿಲ್ಲ. ನಾನು ಸುಳ್ಳು ಹೇಳಿದೆ" ಎಂದ ತಿಪ್ಪೇಶ, ಅಳುತ್ತಾ. ಕೈ ಎತ್ತಿದವನು ಕೈ ಇಳಿಸಿದ. ಆದರೆ ಉಳಿದವರು ನಂಬಬೇಕಲ್ಲ! "ಟೀಚರೇ ಹೇಳಿಕೊಟ್ಟಿರ್ತಾರೆ ಬಿಡ್ರಿ" ಎಂದರು. ಡಾಕ್ಟರು ಬಂದು, ಮಕ್ಕಳನ್ನೆಲ್ಲ ಪರೀಕ್ಷಿಸಿ, "ಇದು ಬರೀ ಹೆದರಿಕೆ" ಎಂದ ಮೇಲೆಯೇ ಜನ ಗೊಣಗುತ್ತಾ ಮನೆ ಕಡೆ ಹೊರಟದ್ದು.

ಮರುದಿನ ಅರ್ಧಕ್ಕರ್ಧ ಮಕ್ಕಳು ಮನೆಯಿಂದ ಡಬ್ಬಿ ತಂದಿದ್ದರು. ಸಾಲು ಚಿಕ್ಕದಾಗಿತ್ತು. ತಿಪ್ಪೇಶ ತಲೆ ತಗ್ಗಿಸಿ ತಟ್ಟೆ ಚಾಚಿದ. ಓಬಮ್ಮ ಬೈಯಲಿಲ್ಲ, ಶಪಿಸಲಿಲ್ಲ. ಸಾಂಬಾರು ತುಂಬಿದ ಸೌಟನ್ನು ಅವನ ಕಣ್ಣ ಮುಂದೆ ಹಿಡಿದಳು.

"ಸರಿಯಾಗಿ ನೋಡ್ಕೊಳ್ಳಪ್ಪ. ನೋಡ್ಕೊಂಡು ಹೇಳು, ಹಾಕ್ಲಾ?" ಎಂದಳು.

ನೀತಿ: ಮಾತಾಡುವ ಹಕ್ಕು ಎಲ್ಲರಿಗೂ ಉಂಟು. ಸುಳ್ಳು ಕೂಗಿ ಇನ್ನೊಬ್ಬರ ಬದುಕಿಗೆ ಕುತ್ತು ತರುವ ಹಕ್ಕು ಯಾರಿಗೂ ಇಲ್ಲ. ಅನ್ನದಲ್ಲಿ ಕಲ್ಲಿದ್ದರೆ ಯಾರಿಗೂ ಹೆದರದೆ ಹೇಳಿ, ಇಲ್ಲದ ಹಲ್ಲಿಯನ್ನು ಮಾತ್ರ ಹುಟ್ಟಿಸಬೇಡಿ.