ಎರಡನೆಯ ರೊಟ್ಟಿ

ಪೂಜ್ಯ ಮೌನಲಿಂಗ ಶಿವಯೋಗಿಗಳು ಆಗ ಕೆಂಗಲ್ಲ ಪೇಟೆಯ ಹೊರಗಿನ ಹಳೆಯ ಹತ್ತಿ ಗೋದಾಮಿನ ಪಡಸಾಲೆಯಲ್ಲಿ ವಾಸವಾಗಿದ್ದರು. ಹಾಸಲೊಂದು ಕಂಬಳಿ, ನೀರಿಗೊಂದು ತಂಬಿಗೆ. ಅವರ ಮಠವೆಂದರೆ ಅಷ್ಟೇ. ಗೋದಾಮಿನ ಮೂಲೆಯಲ್ಲಿ ಉಳಿದ ಹತ್ತಿಯನ್ನು ಆಯ್ದು ಬತ್ತಿ ಹೊಸೆಯುತ್ತಲೇ ಭಕ್ತರ ಮಾತು ಕೇಳುತ್ತಿದ್ದರು. ಕೇಳುವುದು ಬಹಳ, ಆಡುವುದು ಕಡಿಮೆ. ಆ ಎರಡು ಮಾತಿಗಾಗಿ ಜನ ಹರದಾರಿಗಟ್ಟಲೆ ನಡೆದು ಬರುತ್ತಿದ್ದರೆಂದರೆ ಅದರ ಬೆಲೆಯನ್ನು ನಾನೇನು ಹೇಳಲಿ!

ಒಂದು ಮುಂಜಾನೆ ಅದೇ ಪೇಟೆಯ ಕಾಶವ್ವ ಬಂದು ಅವರ ಪಾದಕ್ಕೆ ಹಣೆ ಹಚ್ಚಿದಳು. ಮಗಳು ಗಂಗವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕೂಸು ಕಣ್ಣು ಬಿಡುವ ಮನೆಯಲ್ಲಿ ದಿನವೂ ದೇವರ ಪೂಜೆ ನಡೆಯಬೇಕೆಂದು ಕಾಶವ್ವನ ಹಂಬಲ. ಆದರೆ ಕೈ ಮುಂದಾಗದು. ಹಿಂದೊಮ್ಮೆ ಸೋಮವಾರದ ಪೂಜೆ ಹಿಡಿದು, ಸುಗ್ಗಿಯ ಗಡಿಬಿಡಿಯಲ್ಲಿ ಒಂದು ವಾರ ತಪ್ಪಿಸಿದ್ದಳು. ಅದೇ ವಾರ ಗಂಡ ಬಂಡಿಯಿಂದ ಬಿದ್ದು ಕಾಲು ಮುರಿದುಕೊಂಡ. ಪಕ್ಕದ ಮನೆಯ ಈರವ್ವ, ಕರೆಯದಿದ್ದರೂ ಬಂದು ಶಾಸ್ತ್ರ ಹೇಳುವ ಮಹಾತಾಯಿ, "ಹಿಡದ ಪೂಜಿ ಬಿಟ್ರ ದೇವ್ರು ಸುಮ್ನ ಬಿಡತಾನೇನ?" ಎಂದು ಗಾಯದ ಮೇಲೆ ಬರೆ ಎಳೆದಿದ್ದಳು. ಅಂದೇ ಕಾಶವ್ವ ಪೂಜೆಯ ಜಗಲಿಯಲ್ಲಿದ್ದ ದೇವರನ್ನು ಅರಿವೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದ್ದಳು.

"ಎಪ್ಪಾ, ಪೂಜಿ ಹಿಡೀಬೇಕಂತ ಆಸೆ ಐತ್ರಿ. ಮತ್ತ ತಪ್ಪಿ ಮಗಳಿಗೇನರ ಆದ್ರ ನಾ ಹೆಂಗ ಬದುಕಲಿ?" ಎಂದು ಅತ್ತಳು.

ಶಿವಯೋಗಿಗಳು ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

"ನಿನ್ನ ಗಂಡನ್ನ ಕೆಡವಿದ್ದು ಬಂಡಿ, ಶಿವ ಅಲ್ಲ. ದಿನಾ ರೊಟ್ಟಿ ಬಡೀತೀಯೇನವ್ವಾ?"

"ಬಡೀದಿದ್ರ ಹೊಟ್ಟಿಗೇನ್ರಿ ಎಪ್ಪಾ!"

"ಮೊದಲನೇ ರೊಟ್ಟಿ ಬಡಿಯೂಮುಂದ ಒಮ್ಮೆ 'ಶಿವಾ' ಅನ್ನು. ಅದೇ ನಿನ್ನ ಪೂಜಿ."

"ಮರತರ್ರೀ?"

"ಎರಡನೇ ರೊಟ್ಟಿ ಐತೆಲ್ಲವ್ವಾ!" ಎಂದು ಅಪ್ಪಗಳು ನಕ್ಕುಬಿಟ್ಟರು.

ಇಷ್ಟು ಸಸಾರದ ಪೂಜೆಯೂ ಉಂಟೇ ಎಂದು ಅನುಮಾನಿಸುತ್ತಲೇ ಆಕೆ ಮನೆಗೆ ಹೋದಳು. ಮರುದಿನ ಒಲೆಗೆ ವಿಭೂತಿ ಹಚ್ಚಿ, ಅಂಜುತ್ತಂಜುತ್ತ "ಶಿವಾ" ಎಂದಳು. ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಅದು ದಿನವೂ ಉಬ್ಬುತ್ತಿದ್ದದ್ದೇ. ಆದರೂ ಅಂದು ಅವಳಿಗೆ ಹಬ್ಬ! ಆಮೇಲೆ ಕೋಳಿ ಕೂಗುವ ಮೊದಲೇ ಎಚ್ಚರವಾಗತೊಡಗಿತು, ಯಾವಾಗ ಒಲೆ ಹೊತ್ತಿಸಿಯೇನು ಎಂಬ ಸಡಗರದಲ್ಲಿ.

ಹೀಗಿರುವಾಗ ಒಂದು ಬೆಳಿಗ್ಗೆ ಒಳಗೆ ಮಗಳ ನರಳಾಟಕ್ಕೆ ಕಿವಿಗೊಟ್ಟೇ ಮೊದಲ ರೊಟ್ಟಿ ಬಡಿದು ಹಂಚಿಗೆ ಹಾಕುವಷ್ಟರಲ್ಲಿ ಗಂಗವ್ವ ಚೀರಿದಳು. ಕಾಶವ್ವ ಹಿಟ್ಟಿನ ಕೈಯಲ್ಲೇ ಸೂಲಗಿತ್ತಿಯ ಮನೆಗೆ ಓಡಿದಳು. ನೀರು ಕಾಯಿಸಿದಳು, ಮಗಳ ಸೊಂಟ ನೀವಿದಳು. ಕೊನೆಗೆ ಕೂಸು ಅತ್ತಿತು. ಹೆಣ್ಣು ಕೂಸು! ತಾಯಿಯೂ ಸುಖವಾಗಿದ್ದಳು. ಹಸಿದ ಸೂಲಗಿತ್ತಿಗೆ ಊಟಕ್ಕಿಡಲೆಂದು ಅಡುಗೆಮನೆಗೆ ಬಂದರೆ ಹಂಚಿನ ಮೇಲೆ ಕರಕಲಾದ ರೊಟ್ಟಿ. ಆಗ ನೆನಪಾಯಿತು: ಇವತ್ತು ಹೆಸರು ಹೇಳಲೇ ಇಲ್ಲ! ಕಾಶವ್ವ ಅಟ್ಟದ ಕಡೆ ನೋಡಿದಳು. ಅಷ್ಟರಲ್ಲಿ ಒಳಗೆ ಕೂಸು ಮತ್ತೊಮ್ಮೆ ಗಟ್ಟಿಯಾಗಿ ಅತ್ತಿತು, ಅಪ್ಪಗಳ ನಗು ಕಣ್ಣ ಮುಂದೆ ಬಂತು. ಹಿಟ್ಟಿನ ಮತ್ತೊಂದು ಉಂಡೆ ತೆಗೆದುಕೊಂಡು, ಓಣಿಗೆಲ್ಲ ಕೇಳುವಂತೆ "ಶಿವಾ!" ಎಂದು ಬಡಿದಳು.

ಸೂಲಗಿತ್ತಿಗೆ ಉಣ್ಣಲಿಕ್ಕಿ, ಆ ರೊಟ್ಟಿಯನ್ನು ಮಾತ್ರ ಸೆರಗಿನಲ್ಲಿ ಸುತ್ತಿಕೊಂಡು ಗೋದಾಮಿಗೆ ಓಡಿದಳು. "ಎಪ್ಪಾ, ಮರತ್ನಿರಿ! ಪೂರಾ ಮರತ್ನಿ! ಮೊಮ್ಮಗಳು ಬಂದ್ಳು!" ಎಂದು ನಗುತ್ತ ಅಳುತ್ತ ಕೂಗಿದಳು. ತನ್ನ ತಪ್ಪನ್ನು ಇಷ್ಟು ಸಂತೋಷದಿಂದ ಒಪ್ಪಿಸಿದವರನ್ನು ಅಲ್ಲಿದ್ದ ಭಕ್ತರು ಕಂಡಿರಲಿಲ್ಲ.

ಅಪ್ಪಗಳು ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡರು. "ಎಷ್ಟನೇದಿದು?"

"ಎರಡನೇದ್ರಿ!"

"ಹಂಗಾರ ಇದೇ ಪ್ರಸಾದ," ಎಂದು ಮುರಿದು ಎಲ್ಲರಿಗೂ ಹಂಚಿದರು.

ಕಾಶವ್ವ ಮನೆಗೆ ಬಂದವಳೇ ಅಟ್ಟಕ್ಕೆ ಏಣಿ ಹಾಕಿದಳು. ಕೂಸನ್ನು ನೋಡಲು ಬಂದಿದ್ದ ಈರವ್ವ ಗಾಬರಿಯಾಗಿ, "ಅಯ್ಯ, ದೇವ್ರನ್ನ ಇಳಸಾಕತ್ತೀಯಲ್ಲ, ಮತ್ತ ಪೂಜಿ ತಪ್ಪಿದ್ರ?" ಎಂದಳು.

"ತಪ್ಪಿದ್ರ ಮರುದಿನ ಐತೆಲ್ಲವ್ವಾ," ಎಂದಳು ಕಾಶವ್ವ ಮೇಲಿಂದ. "ನೀ ಏಣಿ ಗಟ್ಟ್ಯಾಗಿ ಹಿಡಿ."