ಛತ್ರದ ಚಿಲಕ

ಶಿಷ್ಯೆ ಕೇಳಿದಳು: “ಗುರುಗಳೇ, ಹಳ್ಳಿ ಗ್ರಂಥಾಲಯಗಳ ಕಂಪ್ಯೂಟರುಗಳಿಗೆಂದು ನಾವೊಂದು ಆಪರೇಟಿಂಗ್ ಸಿಸ್ಟಮ್ ಸಿದ್ಧಮಾಡುತ್ತಿದ್ದೇವೆ. ಅದರ ಡೆಸ್ಕ್‌ಟಾಪಿಗೆ ಹೊರಗಿನವರು ಬರೆದ ಎಕ್ಸ್‌ಟೆನ್ಷನ್‌ಗಳು, ಎಂದರೆ ಸಣ್ಣ ಸೇರ್ಪಡೆ ಪ್ರೋಗ್ರಾಮುಗಳು, ಬೇಕಾದಷ್ಟಿವೆ. ಒಂದು ಅಕ್ಷರವನ್ನು ದೊಡ್ಡದು ಮಾಡುತ್ತದೆ, ಇನ್ನೊಂದು ಕನ್ನಡ ಕೀಲಿಮಣೆಯನ್ನು ಕೈಗೆಟುಕುವಂತೆ ಇಡುತ್ತದೆ. ಯಾವುದನ್ನು ನಾವೇ ಮೊದಲಿನಿಂದ ಸೇರಿಸಿ ಕೊಡಬೇಕು, ಯಾವುದನ್ನು ಬಿಡಬೇಕು?”

“ನೀನು ಹೇಗೆ ಆರಿಸುತ್ತಿದ್ದೀಯೆ?”

“ನಾನು ಯಾವುದನ್ನೂ ನಂಬುವುದಿಲ್ಲ. ಪ್ರತಿಯೊಂದನ್ನೂ ಬಿಚ್ಚಿ, ಒಂದು ಸಾಲೂ ಬಿಡದೆ ಓದುತ್ತೇನೆ. ಸರಿಯಿದ್ದರೆ ಮಾತ್ರ ಸೇರಿಸುತ್ತೇನೆ. ಆಮೇಲೆ ಚಿಂತೆಯಿಲ್ಲ. ಬರೆದವರು ಏನಾದರೂ ತಿದ್ದಿದರೆ ಆ ತಿದ್ದುಪಡಿ ತಾನಾಗಿಯೇ ಬಂದು ಕೂರುತ್ತದೆ.”

ಗುರು ಸ್ವಲ್ಪ ನಕ್ಕು ಈ ಕತೆ ಹೇಳಿದರು.

ಯಾತ್ರಿಕರು ನಡೆಯುವ ದಾರಿಯಲ್ಲಿ ಒಂದು ಛತ್ರವಿತ್ತು. ಅದರ ಯಜಮಾನ ಮಹಾ ಅನುಮಾನದ ಮನುಷ್ಯ. ಹಾಲಿನವಳು ಬಂದರೆ ಚೊಂಬಿನೊಳಗೆ ಬೆರಳದ್ದಿ ನೋಡುವವನು. ಇಂಥವರಿಗೆ ತಮ್ಮ ಅನುಮಾನದ ಮೇಲೆ ಬಹಳ ಅಭಿಮಾನವಿರುತ್ತದೆ. ಇವನಿಗೂ ಇತ್ತು.

ಆ ಛತ್ರದಲ್ಲಿ ಒಂದು ತೊಂದರೆಯಿತ್ತು. ಊಟದ ಗಂಟೆ ಬಾರಿಸಿದರೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಬೇಕು. ಪಂಕ್ತಿಗೆ ಗಂಟುಮೂಟೆ ತರುವಂತಿಲ್ಲ, ಮುಗಿಯುವ ತನಕ ಯಾರೂ ನಡುವೆ ಏಳುವಂತಿಲ್ಲ. ಅಷ್ಟು ಹೊತ್ತೂ ಕೋಣೆಗಳು ಬರಿದು. ಗಂಟುಮೂಟೆಯ ಚಿಂತೆಯಲ್ಲಿ ಯಾರಿಗೂ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಬ್ಬ ಮುದಿ ಬಡಗಿ ಒಂದು ಚಿಲಕ ತಂದ. ಬಾಗಿಲನ್ನು ಎಳೆದುಕೊಂಡರೆ ಅದರ ನಾಲಗೆ ತಾನಾಗಿ ಬೀಳುತ್ತಿತ್ತು. ಹೊರಗಿನಿಂದ ತೆಗೆಯಲು ಒಂದು ಮರದ ಕೀಲು ಬೇಕು. ಆ ಕೀಲು ಕೋಣೆಯಲ್ಲಿ ತಂಗಿದವನ ಸೊಂಟದಲ್ಲಿ ಇರುತ್ತದೆ.

ಯಜಮಾನ ನಂಬಲಿಲ್ಲ. ಚಿಲಕವನ್ನು ಬಿಚ್ಚಿ ನೋಡಿದ. ತಂತಿ ತೂರಿಸಿ ನೋಡಿದ. ಮೂಟೆ ಹೊರುವವನನ್ನು ಕರೆಸಿ ಬಾಗಿಲಿಗೆ ಹೆಗಲು ಕೊಡಿಸಿದ. ಚಿಲಕ ಜಗ್ಗಲಿಲ್ಲ. ಕೊನೆಗೆ ಎಲ್ಲ ಕೋಣೆಗೂ ಅದನ್ನೇ ಹಾಕಿಸಿದ.

ಬಡಗಿ ಒಂದು ಮಾತು ಹೇಳಿದ: “ಮಳೆಗಾಲಕ್ಕೆ ಮರ ಉಬ್ತದೆ ಬುದ್ಧಿ. ಆಗಾಗ ಬಂದು ಒಂಚೂರು ಕೆತ್ತಿ ಎಣ್ಣೆ ಬಿಡಬೇಕು.” ಅದು ನ್ಯಾಯವಾದ ಮಾತು. ಮೊದಮೊದಲು ಅವನು ಉಳಿ, ಎಣ್ಣೆಯ ಚೀಲ ಹೊತ್ತು ಬಂದಾಗ ಯಜಮಾನ ಬೆನ್ನ ಹಿಂದೆಯೇ ನಿಂತು ನೋಡುತ್ತಿದ್ದ. ಮುದುಕನ ಕೈ ಚೊಕ್ಕವಾಗಿತ್ತು. ಬರುಬರುತ್ತ ಯಜಮಾನ ನಿಲ್ಲುವುದನ್ನು ಬಿಟ್ಟ. ಅನುಮಾನ ಪಡಲು ಅವನಿಗೆ ಹೊಸ ಜನ ದಿನಾ ಸಿಗುತ್ತಿದ್ದರಲ್ಲ.

ಒಂದು ದಿನ ಒಬ್ಬ ರೈತ ಬಂದ. ಅವನ ಊರಿನ ದೇವಿಗೆ ಚಿನ್ನದ ಮುಖ ಮಾಡಿಸಲು ಹೆಂಗಸರೆಲ್ಲ ಮೂಗುತಿ, ಓಲೆ ಬಿಚ್ಚಿ ಕೊಟ್ಟಿದ್ದರು. ಊರಿನಲ್ಲಿ ಎಲ್ಲರೂ ನಂಬುವ ಮನುಷ್ಯ ಎಂದು ಅವನ್ನೆಲ್ಲ ಗಂಟು ಕಟ್ಟಿ ಇವನ ಕೈಗೆ ಒಪ್ಪಿಸಿದ್ದರು. ಪೇಟೆಯ ಅಕ್ಕಸಾಲಿಗನಿಗೆ ಅದನ್ನು ತಲುಪಿಸಬೇಕಿತ್ತು. ಮನೆಯಿಂದ ಒಂದು ಕಬ್ಬಿಣದ ಬೀಗ, ಸರಪಳಿಯನ್ನೂ ಅವನು ಹೊತ್ತು ತಂದಿದ್ದ.

“ಸ್ವಾಮಿ, ನಂದೇ ಬೀಗ ಐತೆ. ಬಾಗಿಲಿಗೆ ಹಾಕ್ಕೋತೀನಿ” ಎಂದ.

ಯಜಮಾನನಿಗೆ ಮುಖಕ್ಕೆ ಹೊಡೆದಂತಾಯಿತು. “ಇಲ್ಲಿ ಅದೆಲ್ಲ ಬೇಡ ಕಣಯ್ಯ. ಹೆತ್ತ ತಾಯೀನೇ ನಂಬೋನಲ್ಲ ನಾನು. ಆ ಚಿಲಕ ನಾನೇ ಪರೀಕ್ಷೆ ಮಾಡಿ ಹಾಕ್ಸಿರೋದು.”

ರೈತ ಬೀಗವನ್ನು ಜಗುಲಿಯ ಮೇಲೆ ಬಿಟ್ಟ. ಊಟದ ಗಂಟೆ ಹೊಡೆಯಿತು. ಗಂಟನ್ನು ಕೋಣೆಯಲ್ಲಿಟ್ಟು, ಬಾಗಿಲು ಎಳೆದುಕೊಂಡು ಪಂಕ್ತಿಗೆ ಹೋದ. ಸಾರಿನ ಅನ್ನ ಮುಗಿಯುವ ಹೊತ್ತಿಗೆ ಒಮ್ಮೆ ಎದ್ದು ಹೋಗಿ ಗಂಟು ನೋಡಿ ಬರೋಣ ಅನಿಸಿತು. ಆದರೂ ಏಳಲಿಲ್ಲ, ಪಂಕ್ತಿ ಕೆಡಿಸಬಾರದೆಂದು. ಊಟ ಮುಗಿಸಿ ಬಂದು ನೋಡಿದರೆ ಬಾಗಿಲು ಹಾಕಿದ್ದು ಹಾಕಿದಂತೆಯೇ ಇತ್ತು. ಒಳಗೆ ಗಂಟು ಇರಲಿಲ್ಲ.

ಯಜಮಾನ ಅಡುಗೆಯವನನ್ನು ಗದರಿಸಿದ. ಯಾತ್ರಿಕರ ಮೂಟೆಗಳನ್ನು ಬಿಚ್ಚಿಸಿದ. ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಬಾಗಿಲು ಕಾಯುವವನನ್ನು ಕೇಳಿದ: “ಊಟದ ಹೊತ್ತಲ್ಲಿ ಒಳಗೆ ಯಾರು ಬಂದಿದ್ರು?”

“ಯಾರೂ ಇಲ್ಲ ಬುದ್ಧಿ. ಚಿಲಕಕ್ಕೆ ಎಣ್ಣೆ ಬಿಡೋನು ಬಂದಿದ್ದ, ಅಷ್ಟೆಯ.”

“ಆ ಮುದುಕ ತಾನೆ?”

“ಅಲ್ಲ, ಬೇರೆಯೋನು. ಮುದುಕ ಮಗಳ ಊರಿಗೆ ಹೋಗಿ ಬಹಳ ದಿನ ಆಯ್ತು. ಹೆಗಲ ಚೀಲ ಮಾತ್ರ ಅದೇ.”

ಮುದುಕ ಕೆಟ್ಟವನಲ್ಲ. ಕಣ್ಣು ಮಂಜಾದಾಗ, ಕೇಳಿದವನಿಗೆ ಚೀಲ ಕೊಟ್ಟು ಹೋಗಿದ್ದ. ಛತ್ರಕ್ಕೆ ಒಂದು ಮಾತು ಹೇಳಬೇಕೆಂದು ಅವನಿಗೆ ತೋಚಲಿಲ್ಲ. ಛತ್ರದವರೂ ಅವನನ್ನು ಮಾತಾಡಿಸುವುದನ್ನು ಎಂದೋ ಬಿಟ್ಟಿದ್ದರು. ಹೊಸಬ ಬಂದಾಗಲೆಲ್ಲ ಒಂದೊಂದು ಚಿಲಕದ ನಾಲಗೆಯನ್ನು ಸ್ವಲ್ಪ ಹೆಚ್ಚಾಗಿಯೇ ಕೆತ್ತಿದ್ದ. ಯಜಮಾನ ಒಂದು ಪೊರಕೆ ಕಡ್ಡಿ ತೂರಿಸಿ ನೋಡಿದ. ಬಾಗಿಲು ತೆರೆಯಿತು. ಪಕ್ಕದ್ದೂ ತೆರೆಯಿತು. ಸಾಲಿನ ಬಾಗಿಲುಗಳೆಲ್ಲ ತೆರೆದವು.

“ನಾನೇ ಪರೀಕ್ಷೆ ಮಾಡಿದ್ದೆ” ಎಂದ ಯಜಮಾನ. ಅವನ ದನಿ ಸಣ್ಣಗಾಗಿತ್ತು.

ರೈತ ನೆಲದ ಮೇಲೆ ಕುಸಿದು ಕೂತಿದ್ದ. “ನಿಮ್ಮ ಅನುಮಾನಾನ ನಂಬಿ ನನ್ನ ಅನುಮಾನ ಬಿಟ್ಟೆ ಸ್ವಾಮಿ. ಕಳುವಾಯ್ತು ಅಂದ್ರೆ ನಮ್ಮೂರಲ್ಲಿ ಯಾರು ನಂಬ್ತಾರೆ?”

ಯಜಮಾನ ಸಾಕ್ಷಿ ಹೇಳಲು ತಾನೇ ಅವನ ಜೊತೆ ಊರಿಗೆ ಹೋದ. ದೇವಿಯ ಗುಡಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದ. ಊರಿನವರು ಕೇಳಿಸಿಕೊಂಡರು. ಚಿಲಕ ಮುರಿದಿರಲಿಲ್ಲ, ಬೀಗ ಬೇಡವೆಂದವನು ಈ ಯಜಮಾನನೇ. ಇಬ್ಬರೂ ಸೇರಿ ಹಂಚಿಕೊಂಡಿದ್ದಾರೆ ಎಂದು ಅವರು ತೀರ್ಮಾನಿಸಿದರು. ಆಮೇಲೆ ಆ ರೈತನ ಮನೆಗೆ ಒಲೆಗೆ ಕೆಂಡ ಕೇಳಲು ಸಹ ಯಾರೂ ಬರಲಿಲ್ಲ.

ಗುರು ಕತೆ ನಿಲ್ಲಿಸಿದರು.

ಶಿಷ್ಯೆಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಏನನ್ನೂ ಸೇರಿಸಲೇಬಾರದೇ, ಗುರುಗಳೇ? ಕಣ್ಣು ಮಂಜಾದ ಅಜ್ಜ ಗ್ರಂಥಾಲಯಕ್ಕೆ ಬಂದರೆ ಅವನಿಗೆ ದೊಡ್ಡ ಅಕ್ಷರ ಬೇಡವೇ?”

“ಬೇಕು. ಆ ದೊಡ್ಡ ಅಕ್ಷರದ ಎಕ್ಸ್‌ಟೆನ್ಷನ್ ಬರೆದವನ ಚೀಲ ಈಗ ಯಾರ ಹೆಗಲಲ್ಲಿದೆ?” ಎಂದರು ಗುರು.

ಶಿಷ್ಯೆ ತಾನು ಸೇರಿಸಿದ್ದವುಗಳ ಪಟ್ಟಿ ತೆಗೆದು, ಒಂದೊಂದನ್ನೂ ಈಗ ಯಾರು ತಿದ್ದುತ್ತಿದ್ದಾರೆಂದು ಮೊದಲಿನಿಂದ ನೋಡತೊಡಗಿದಳು.