ಎಲ್ಲರ ಮಾತು ಕೇಳುವ ಗಾಡಿ

"ಗುರುಗಳೇ, ನನ್ನ ಸಿಟ್ಟು ಈಗ ನನ್ನ ಮಾತು ಕೇಳುತ್ತದೆ. ನಿಲ್ಲು ಎಂದರೆ ನಿಲ್ಲುತ್ತದೆ. ಇನ್ನು ನಾನು ಮನೆಗೆ ಮರಳಬಹುದೇ?"

ಹೀಗೆ ಕೇಳಿದ ಶಿಷ್ಯ, ಸ್ವಂತ ತಮ್ಮ ಆಡಿದ ಒಂದು ಮಾತಿಗೆ ಕೆರಳಿ ಅವನ ಮೇಲೆ ಕುಡುಗೋಲು ಎತ್ತಿ, ಅದೇ ದಿನ ಮನೆ ಬಿಟ್ಟು ಬಂದವನು. ಆಶ್ರಮಕ್ಕೆ ಬಂದ ಮೇಲೆ ಅವನು ಯಾರ ಮೇಲೂ ದನಿ ಏರಿಸಿರಲಿಲ್ಲ. ಗುರುಗಳು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಬ್ಬ ಲಾರಿ ಚಾಲಕನಿದ್ದ. ಲಾರಿ ಅವನದಲ್ಲ, ಸಾಹುಕಾರನದು. ಆಯುಧಪೂಜೆಯ ದಿನ ಅದಕ್ಕೆ ಪೂಜೆ ನಡೆಯುವುದು ಸಾಹುಕಾರನ ಅಂಗಳದಲ್ಲಿ. ಚಾಲಕನ ಪುಟ್ಟ ಮಗಳು ಒಮ್ಮೆ ಕೇಳಿದಳು: "ಎಲ್ಲರ ಮನೆ ಮುಂದೆಯೂ ಗಾಡಿಗೆ ಹೂ ಹಾಕ್ತಾರೆ. ನಮ್ಮನೆ ಮುಂದೆ ಯಾಕಪ್ಪ ಇಲ್ಲ?"

ಹಬ್ಬಕ್ಕೆ ಸಾಹುಕಾರ ಕೊಟ್ಟ ಇನಾಮನ್ನು ಜೇಬಿನಲ್ಲಿಟ್ಟುಕೊಂಡು ಚಾಲಕ ಆಟಿಕೆಯ ಅಂಗಡಿಗೆ ಹೋದ. ಮಗಳಿಗೆ ಮೊದಲನೇ ಗಾಡಿ, ರಿಮೋಟಿನಿಂದ ಓಡುವ ಲಾರಿ ಬೇಕೆಂದ. ಅಂತಹ ವಸ್ತುವನ್ನು ಅವನು ಹಿಂದೆಂದೂ ಕೊಂಡವನಲ್ಲ. ಅವನ ಹಣಕ್ಕೆ ಬರುವಂಥವು ಎರಡೇ ಇದ್ದವು. ಒಂದು ದೊಡ್ಡದು, ಅದಕ್ಕೆ ದೀಪ, ಹಾರ್ನ್, ಮಿರುಗುವ ಬಣ್ಣ. ಇನ್ನೊಂದು ಚಿಕ್ಕದು, ಬೂದು ಬಣ್ಣದ್ದು.

ಚಾಲಕ ಬಗ್ಗಿ, ಎರಡರ ಟೈರುಗಳನ್ನೂ ಬೆರಳಿನಿಂದ ತಟ್ಟಿ ನೋಡಿದ. ವ್ಯಾಪಾರಿ ನಕ್ಕ.

"ಗಾಳಿ ಕಮ್ಮಿ ಇದೆಯೇನಣ್ಣ?"

"ನಗಬೇಡ್ರಿ. ಇಷ್ಟು ದೊಡ್ಡದಕ್ಕೂ ಇಷ್ಟು ಚಿಕ್ಕದಕ್ಕೂ ಒಂದೇ ಬೆಲೆ ಯಾಕೆ? ಅದು ಹೇಳಿ."

"ದೊಡ್ಡದು ನೋಡೋಕೆ ಚೆನ್ನ. ಆದರೆ ಅಂಥದೇ ಇನ್ನೊಂದು ರಿಮೋಟು ಹತ್ತಿರದಲ್ಲಿದ್ದರೆ ಅದರ ಮಾತನ್ನೂ ಕೇಳಿಬಿಡುತ್ತೆ. ಚಿಕ್ಕದು ಹಾಗಲ್ಲ. ತನ್ನ ರಿಮೋಟು ಬಿಟ್ಟು ಬೇರೆಯದಕ್ಕೆ ಜಗ್ಗೋದಿಲ್ಲ. ಮಗುವಿಗೆ ಮೊದಲನೇ ಗಾಡಿ ಅಂತೀರಿ. ಚಿಕ್ಕದು ತಗೊಳ್ಳಿ."

ಈಗ ಚಾಲಕ ನಕ್ಕ. "ಗಾಡಿ ವಿಷಯ ನನಗೆ ಹೇಳ್ತೀರಲ್ಲ ಸ್ವಾಮಿ! ಯಾರು ಕೂತರೂ ಓಡೋದೇ ಒಳ್ಳೆ ಗಾಡಿ. ಒಬ್ಬನಿಗೇ ಬಗ್ಗೋ ಗಾಡಿ ಕಟ್ಟಿಕೊಂಡರೆ, ಆ ಒಬ್ಬನಿಗೆ ಜ್ವರ ಬಂದ ದಿನ ಸಾಹುಕಾರ ಅಳಬೇಕಾಗುತ್ತೆ. ದೊಡ್ಡದನ್ನೇ ಕಟ್ಟಿ."

ಹಬ್ಬದ ದಿನ ಮನೆಯ ಮುಂದೆ ಪೂಜೆಯಾಯಿತು. ಮಗಳು ಗಾಡಿಗೆ ಕುಂಕುಮ ಹಚ್ಚಿ, ಸೇವಂತಿಗೆ ಸಿಕ್ಕಿಸಿದಳು. ಚಾಲಕ ಪದ್ಧತಿಯಂತೆ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟ. ಮಗಳು ಗುಂಡಿ ಒತ್ತಿದಳು. ಗಾಡಿ ಹಣ್ಣನ್ನು ಹತ್ತಿ ಇಳಿಯಿತು. ಹಣ್ಣು ಹಾಗೆಯೇ ಉಳಿಯಿತು. ಹಣ್ಣು ಒಡೆಯಲಿಲ್ಲವಲ್ಲ ಎಂದು ತಾಯಿ ಅಳುಕಿದಳು. "ಅದಕ್ಕೆಲ್ಲಿದೆ ಆ ಭಾರ, ಬಿಡೇ" ಎಂದ ಚಾಲಕ.

ಗಾಡಿ ಮಗಳ ಮಾತು ಕೇಳಿತು. ಮುಂದಕ್ಕೆಂದರೆ ಮುಂದಕ್ಕೆ, ಹಿಂದಕ್ಕೆಂದರೆ ಹಿಂದಕ್ಕೆ. ಗುಂಡಿ ಬಿಟ್ಟರೆ ನಿಲ್ಲುತ್ತಿತ್ತು. ಚಾಲಕ ಜಗಲಿಯ ಮೇಲೆ ಕುಳಿತು ನೋಡಿದ. ಇವಳ ಕೈ ನನ್ನದೇ ಕೈ ಎಂದುಕೊಂಡ.

ಅಂಗಳದಾಚೆ ದೊಡ್ಡ ರಸ್ತೆ. ಮಗಳು ಗಾಡಿಯನ್ನು ಅಂಗಳದ ಅಂಚಿನವರೆಗೆ ಬಿಟ್ಟು, ಗುಂಡಿಯಿಂದ ಬೆರಳು ತೆಗೆದಳು. ಗಾಡಿ ನಿಲ್ಲಲಿಲ್ಲ. ರಸ್ತೆಗೆ ಇಳಿಯಿತು. ಮಗಳು ಅದರ ಹಿಂದೆ ಓಡಿದಳು.

ತಿರುವಿನಿಂದ ಒಂದು ಲಾರಿ ಬಂತು.

ಚಾಲಕನಿಗೆ ಕೂಗಲು ಆಗಲಿಲ್ಲ. ಏಳಲೂ ಆಗಲಿಲ್ಲ. ಅವನ ಬಲಗಾಲು ಮಾತ್ರ ಜಗಲಿಯ ಕೆಳಗಿನ ನೆಲವನ್ನು ಬಲವಾಗಿ ಒತ್ತಿತು. ಅಲ್ಲಿ ಬ್ರೇಕ್ ಇರಲಿಲ್ಲ.

ಇದ್ದದ್ದು ಆ ಲಾರಿಯಲ್ಲಿ. ಅದರ ಚಾಲಕ ಯಾರೋ, ಒತ್ತಿದ. ಟೈರು ಸುಟ್ಟ ವಾಸನೆ ಎದ್ದಿತು. ಮಗಳು ಬಂಪರಿನ ಮುಂದೆ, ಕೈ ಚಾಚಿದರೆ ತಗಲುವಷ್ಟು ಹತ್ತಿರ ನಿಂತಿದ್ದಳು. ಅವಳ ಗಾಡಿ ಲಾರಿಯ ಮುಂದಿನ ಚಕ್ರದ ಅಡಿಯಲ್ಲಿತ್ತು. ಬೆಳಗ್ಗೆ ಒಡೆಯದ ಹಣ್ಣಿನ ಬದಲು ಅದೇ ಒಡೆದಂತಿತ್ತು. ಸೇವಂತಿಗೆ ರಸ್ತೆಗೆ ಅಂಟಿಕೊಂಡಿತ್ತು.

ಜಗಲಿಯಿಂದ ಚಾಲಕ ಓಡಿ ಬಂದು ಮಗಳನ್ನು ಎತ್ತಿಕೊಂಡ. ಅವಳು ರಿಮೋಟನ್ನು ಅವನ ಮುಖದ ಮುಂದೆ ಹಿಡಿದಳು.

"ನಾನು ಬೆರಳು ತೆಗೆದಿದ್ದೆ ಅಪ್ಪ. ನೋಡು, ತೆಗೆದೇ ಇದೆ."

ಅವನು ತಲೆ ಎತ್ತಿದ. ರಸ್ತೆಯಾಚೆಯ ಮನೆಯ ಗೇಟಿನೊಳಗೆ ಒಂದು ಮಗು ತನ್ನ ಪಾಡಿಗೆ ತಾನು ಆಡುತ್ತಿತ್ತು. ಅದರ ಮುಂದೆ ಗೋಡೆಗೆ ಒತ್ತಿಕೊಂಡು ಚಕ್ರ ತಿರುಗಿಸುತ್ತಿದ್ದ ಅಂಥದೇ ಗಾಡಿ, ಅದೇ ಬಣ್ಣ. ಕೈಯಲ್ಲಿ ಅಂಥದೇ ರಿಮೋಟು. ಮಗು ಮುಂದಕ್ಕೆ ಹೋಗುವ ಗುಂಡಿಯನ್ನು ಒತ್ತಿ ಹಿಡಿದಿತ್ತು. ಇತ್ತ ಅದು ನೋಡಿಯೂ ಇರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಗಾಡಿ ಅವಳ ಮಾತು ಕೇಳುತ್ತಿತ್ತಲ್ಲ, ಗುರುಗಳೇ?" ಎಂದ ಶಿಷ್ಯ.

"ಕೇಳುತ್ತಿತ್ತು. ನಿನ್ನ ಸಿಟ್ಟೂ ನಿನ್ನ ಮಾತು ಕೇಳುತ್ತದೆ. ನಿನ್ನ ತಮ್ಮನ ಮಾತು ಕೇಳುವುದನ್ನು ಅದು ಬಿಟ್ಟಿದೆಯೇ?"

ಶಿಷ್ಯ ಕುಡುಗೋಲು ಎತ್ತಿದ್ದ ತನ್ನ ಬಲಗೈಯನ್ನು ನೋಡುತ್ತ ಕುಳಿತ.